ಪಟ್ಟಕ್ಕೆ ಯಾರ ಒಪ್ಪಿಗೆ

ಅಮ್ಮ ಬರುವ ಹಿಂದಿನ ದಿನ ನಾವಿಬ್ಬರೂ ಸೇರಿ ಮನೆಯಲ್ಲಿದ್ದ ನಮ್ಮ ಮದುವೆಯ ಗುರುತುಗಳನ್ನೆಲ್ಲ ತೆಗೆದೆವು. ಫ್ರಿಡ್ಜಿನ ಮೇಲಿನ ಫೋಟೊ, ಬಾಗಿಲ ಪಕ್ಕದ ಫಲಕದಲ್ಲಿ ಒಟ್ಟಿಗೆ ಬರೆದಿದ್ದ ಎರಡು ಹೆಸರು, ದೊಡ್ಡ ಕೋಣೆಯ ಬೀರುವಿನಲ್ಲಿದ್ದ ಅವಳ ಬಟ್ಟೆ. ಬಟ್ಟೆಗಳನ್ನು ಸಣ್ಣ ಕೋಣೆಗೆ ಸಾಗಿಸುವಾಗ ಅವಳು ಕೇಳಿದಳು, “ಎಷ್ಟು ದಿನ?”

“ಹತ್ತು ವಾರ.”

“ಹಾಗಾದ್ರೆ ಹತ್ತು ವಾರ ನಾನು ನಿನ್ನ ಬಾಡಿಗೆಯವಳು.”

ಅವಳು ಉಳಿದ ಬಟ್ಟೆಗಳನ್ನು ತಾನೇ ಒಯ್ದು, ಬಾಗಿಲು ಹಾಕಿಕೊಂಡಳು.

ಅವಳು ಟಿಲ್‌ಬರ್ಗ್‌ನಲ್ಲಿ ಹುಟ್ಟಿ ಬೆಳೆದ ಡಚ್ ಹುಡುಗಿ. ಹೈಸ್ಕೂಲಿನಲ್ಲಿ ಪೌರನೀತಿ ಪಾಠ ಮಾಡುತ್ತಾಳೆ. ನಾನು ಮೈಸೂರಿನವಳು, ಆಮ್‌ಸ್ಟರ್‌ಡ್ಯಾಮ್‌ನ ವ್ಯಾಪಾರ ಬಡಾವಣೆ ಜೈಡಾಸ್‌ನ ಒಂದು ಆಫೀಸಿನಲ್ಲಿ ಕೆಲಸ. ನಾಲ್ಕು ವರ್ಷದಿಂದ ಪಕ್ಕದ ಊರು ಡೀಮೆನ್‌ನ ಈ ಫ್ಲ್ಯಾಟಿನಲ್ಲಿ ಒಟ್ಟಿಗಿದ್ದೆವು. ಕೊರೊನಾ ಬಂದ ಮೊದಲ ವರ್ಷ, ಆಸ್ಪತ್ರೆ ಬಾಗಿಲಲ್ಲಿ ಮನೆಯವರನ್ನು ಬಿಟ್ಟು ಬೇರೆ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಅದನ್ನು ಕೇಳಿ ಇಬ್ಬರಿಗೂ ಒಂದೇ ಭಯ ಹುಟ್ಟಿತು. ಗೆಮೇಂಟೆಗೆ, ಅಂದರೆ ಇಲ್ಲಿನ ಪುರಸಭೆಗೆ ಹೋಗಿ, ಇಬ್ಬರು ಸಾಕ್ಷಿಗಳ ಮುಂದೆ ಮಾಸ್ಕ್ ಹಾಕಿಕೊಂಡು ಮದುವೆಯಾದೆವು. ಅವಳ ಅಪ್ಪ ಅಮ್ಮ ವಿಡಿಯೊದಲ್ಲಿ ನೋಡಿದರು. ನನ್ನ ಅಮ್ಮನಿಗೆ ನಾನು ಹೇಳಲಿಲ್ಲ.

ಹೇಳದೆ ಇದ್ದದ್ದಕ್ಕೆ ನನ್ನ ಹತ್ತಿರ ಕಾರಣಗಳು ಬೇಕಾದಷ್ಟಿದ್ದವು. ನಾನು ಕಾಲೇಜಿನಲ್ಲಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಅಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಕಲಿಸಿ, ನನ್ನನ್ನೂ ತಂಗಿಯನ್ನೂ ಓದಿಸಿದವರು. ಎರಡು ಬೀದಿ ಆಚೆ ಇರುವ ಸೋದರಮಾವನೇ ಅವರಿಗೆ ಎಲ್ಲದಕ್ಕೂ ಆಸರೆ. 2021ರ ಮೇನಲ್ಲಿ ಅಮ್ಮನಿಗೆ ಕೊರೊನಾ ಬಂದಾಗ ಮಾವ ಹದಿನಾಲ್ಕು ದಿನ ಗೇಟಿನ ಹತ್ತಿರ ಊಟದ ಕ್ಯಾರಿಯರ್ ಇಟ್ಟು, ದೂರ ನಿಂತು ಮಾತಾಡಿಸಿ ಹೋಗುತ್ತಿದ್ದರು. ನಾನು ಇಲ್ಲಿ ಫೋನ್ ಹಿಡಿದು ಕೂತಿದ್ದೆ, ಅಷ್ಟೇ. ಎರಡು ಡೋಸ್ ಹಾಕಿಸಿಕೊಂಡವರು ಬರಬಹುದು ಅಂತ ಆದ ಕೂಡಲೇ ಅಮ್ಮ ಹೊರಟು ಬಂದರು. ಅಂಥ ಕಾಯಿಲೆಯಿಂದ ಎದ್ದು ಬಂದ ಅಮ್ಮನಿಗೆ ವಿಮಾನ ನಿಲ್ದಾಣದಲ್ಲೇ ಇದನ್ನು ಹೇಳಲೇ? ಮನೆಗೆ ಬಂದ ಮೇಲೆ ಹೇಳಲೇ? ಮೊದಲ ವಾರ ಕಳೆಯಲಿ ಅಂದುಕೊಂಡೆ. ಎರಡನೆಯ ವಾರವೂ ಕಳೆಯಿತು.

ಅಮ್ಮನಿಗೂ ಅವಳಿಗೂ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಇಬ್ಬರೂ ಟೀಚರು. ಮಕ್ಕಳು ಹೋಂವರ್ಕ್ ಮಾಡದೆ ಹೇಳುವ ಸುಳ್ಳುಗಳು ಎರಡು ದೇಶದಲ್ಲೂ ಒಂದೇ ಅಂತ ಇಂಗ್ಲಿಷಿನಲ್ಲಿ ಮಾತಾಡಿಕೊಂಡು ನಗುತ್ತಿದ್ದರು. ಅಮ್ಮ ನನಗೆ ಕನ್ನಡದಲ್ಲಿ, “ಒಳ್ಳೆ ಹುಡುಗಿ ಸಿಕ್ಕಿದಾಳೆ ನಿನಗೆ, ರೂಮ್‌ಮೇಟು” ಅಂದರು. ಆ ಕೊನೆಯ ಪದವನ್ನು ಯಾಕೆ ಒಂದು ಕ್ಷಣ ತಡೆದು ಸೇರಿಸಿದರು ಅಂತ ನಾನು ಆ ದಿನವೆಲ್ಲ ಯೋಚಿಸಿದೆ.

ಅಕ್ಟೋಬರ್ ಎರಡನೆಯ ವಾರ ಅವಳ ತರಗತಿಯಲ್ಲಿ ಮೂರು ಮಕ್ಕಳಿಗೆ ಪಾಸಿಟಿವ್ ಬಂತು, ಮಾರನೆಯ ದಿನ ಅವಳಿಗೂ. ಅವಳು ಸಣ್ಣ ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಬೆಳಿಗ್ಗೆ ಹತ್ತಕ್ಕೆ ಆರೋಗ್ಯ ಇಲಾಖೆಯಿಂದ ಫೋನ್ ಬಂತು. ಅವಳ ಗಂಟಲು ಕಟ್ಟಿದ್ದರಿಂದ ನಾನೇ ಮಾತಾಡಿದೆ. ಮನೆಯಲ್ಲಿ ಯಾರು ಯಾರಿದ್ದೀರಿ ಅಂತ ಒಬ್ಬ ಯುವಕ ಪಟ್ಟಿ ನೋಡಿಕೊಂಡು ಕೇಳುತ್ತಿದ್ದ. ಆಮೇಲೆ, “ನೀವು ರೋಗಿಗೆ ಏನಾಗಬೇಕು? ಪಾರ್ಟ್‌ನರ್?” ಅಂದ.

ಡಚ್ಚಿನಲ್ಲೂ ಅದು ಪಾರ್ಟ್‌ನರೇ, ನಾನು ಆಡಿದರೆ ಅಮ್ಮನಿಗೂ ತಿಳಿಯುವ ಪದ. ಅಮ್ಮ ಎದುರಿಗೇ ಕೂತು ಬೀನ್ಸ್ ನಾರು ತೆಗೆಯುತ್ತಿದ್ದರು.

“ಹೌಸ್‌ಗೆನೋಟ್” ಅಂದೆ. ಒಂದೇ ಮನೆಯಲ್ಲಿ ಇರುವವರು ಅನ್ನುವುದಕ್ಕೆ ಇಲ್ಲಿ ಬಳಸುವ ಪದ. ಸುಳ್ಳಲ್ಲ. ಆದರೆ ಗೋಡೆಯಾಚೆ ಅವಳಿಗೆ ಕೇಳಿಸಿತ್ತು. ಇಲ್ಲಿನ ಗೋಡೆಗಳು ಅಷ್ಟು ತೆಳು. ಕೆಮ್ಮು ಒಂದು ಸಲ ನಿಂತು ಮತ್ತೆ ಶುರುವಾಯಿತು.

ಜ್ವರ ಹೆಚ್ಚಿರಲಿಲ್ಲ. ಬದಲಿ ಟೀಚರುಗಳೂ ಕಾಯಿಲೆ ಬಿದ್ದಿದ್ದರಿಂದ ಮೂರನೆಯ ದಿನ ಅವಳು ಕೋಣೆಯಿಂದಲೇ ಲ್ಯಾಪ್‌ಟಾಪಿನಲ್ಲಿ ಪಾಠ ಶುರುಮಾಡಿದಳು. ನಾನು ಊಟದ ಮೇಜಿನಲ್ಲಿ ಆಫೀಸಿನ ಕೆಲಸ ಮಾಡುತ್ತಿದ್ದೆ. ಅಮ್ಮ ಕುರ್ಚಿಯನ್ನು ಆ ಗೋಡೆಯ ಹತ್ತಿರಕ್ಕೆ ಎಳೆದುಕೊಂಡರು.

“ಇವತ್ತು ಏನು ಪಾಠ?”

“ಹೊಸ ರಾಜ ಪಟ್ಟಕ್ಕೆ ಬರುವಾಗ ಸಂಸತ್ತು ಏನು ಮಾಡತ್ತೆ ಅಂತ.”

“ಹೇಳು, ಹೇಳು. ನಾನು ಇಂಗ್ಲೆಂಡಿನದು ಕಲಿಸಿದೀನಿ. ಇಲ್ಲಿದು ಗೊತ್ತಿಲ್ಲ.”

ಕೆಲಸ ಬದಿಗಿಟ್ಟು ನಾನು ಗೋಡೆಯಾಚೆಯ ಪಾಠವನ್ನು ತುಂಡು ತುಂಡಾಗಿ ಕನ್ನಡಕ್ಕೆ ತಂದೆ. ಈ ದೇಶದಲ್ಲಿ ರಾಜನ ತಲೆಗೆ ಯಾರೂ ಕಿರೀಟ ಇಡುವುದಿಲ್ಲ. ಕಿರೀಟ ಪಕ್ಕದ ಮೇಜಿನ ಮೇಲೆ ಇರುತ್ತದೆ, ಅಷ್ಟೇ. ಸಂಸತ್ತಿನ ಎರಡೂ ಸದನದವರು ಆಮ್‌ಸ್ಟರ್‌ಡ್ಯಾಮ್‌ನ ಒಂದು ಹಳೆಯ ಚರ್ಚಿನಲ್ಲಿ ಒಟ್ಟಿಗೆ ಸೇರುತ್ತಾರೆ. ಮೊದಲು ರಾಜ ಸಂವಿಧಾನದ ಮೇಲೆ ಪ್ರಮಾಣ ಮಾಡುತ್ತಾನೆ. ಆಮೇಲೆ ಒಬ್ಬೊಬ್ಬ ಸದಸ್ಯರ ಹೆಸರು ಕರೆಯುತ್ತಾರೆ, ಅವರು ಎದ್ದು ನಿಂತು ಪ್ರಮಾಣ ಮಾಡುತ್ತಾರೆ. ಬೇಡವೆನಿಸಿದವರು ಮಾಡದೆಯೂ ಇರಬಹುದು.

“ಒಳ್ಳೇದು,” ಅಂದರು ಅಮ್ಮ. “ರಾಜನೇ ಮೊದಲು ಮಾತು ಕೊಡಬೇಕು. ಸರಿಯಾಗಿದೆ.”

ಅಷ್ಟರಲ್ಲಿ ಲ್ಯಾಪ್‌ಟಾಪಿನಿಂದ ಒಬ್ಬ ಹುಡುಗಿಯ ದನಿ ಕೇಳಿಸಿತು. ಮುಂದೆ ಪಟ್ಟಕ್ಕೆ ಬರಬೇಕಾದ ರಾಜಕುಮಾರಿ ಇನ್ನೊಬ್ಬ ಹುಡುಗಿಯನ್ನು ಮದುವೆಯಾದರೆ ಅವಳಿಗೆ ಪಟ್ಟ ತಪ್ಪುತ್ತದೆಯೇ ಅಂತ ಅವಳು ಕೇಳಿದಳು.

ಆ ಪ್ರಶ್ನೆ ಹುಡುಗಿ ಸುಮ್ಮನೆ ಕೇಳಿದ್ದಲ್ಲ. ಆ ಬೇಸಿಗೆಯಲ್ಲಿ ಪತ್ರಿಕೆಗಳಲ್ಲಿ ಅದೇ ಮಾತು ನಡೆದಿತ್ತು, ಸಂಸತ್ತಿನ ಸದಸ್ಯರೂ ಪ್ರಧಾನಿಯನ್ನು ಕೇಳಿದ್ದರು, ಉತ್ತರ ಇನ್ನೂ ಬಂದಿರಲಿಲ್ಲ. ಗೋಡೆಯಾಚೆ ಮೌನ. ನಾನು ಕೈಕಟ್ಟಿ ಕೂತೆ. ಕೊನೆಗೆ ಅವಳು ಒಡೆದ ದನಿಯಲ್ಲಿ ಹೇಳಿದಳು: ಪಟ್ಟಕ್ಕೆ ಬರುವವರು ಮದುವೆಗೆ ಸಂಸತ್ತಿನ ಒಪ್ಪಿಗೆ ಪಡೆಯಬೇಕು ಅಂತ ಸಂವಿಧಾನ ಹೇಳುತ್ತದೆ. ಗಂಡನ್ನೇ ಮದುವೆಯಾಗಬೇಕು, ಹೆಣ್ಣನ್ನೇ ಆಗಬೇಕು ಅಂತ ಎಲ್ಲೂ ಹೇಳಿಲ್ಲ.

“ಏನು ಕೇಳಿದಳು ಆ ಮಗು?” ಅಂದರು ಅಮ್ಮ.

“ಬೇರೆ ದೇಶದವನನ್ನ ಮದುವೆ ಆದ್ರೆ ಪಟ್ಟ ಹೋಗತ್ತಾ ಅಂತ.”

“ಅಷ್ಟಕ್ಕೆ ಇವಳು ಯಾಕೆ ಅಷ್ಟು ಹೊತ್ತು ಸುಮ್ಮನಾದಳು?”

“ಗಂಟಲು ನೋವಲ್ವಾ ಅಮ್ಮ.”

ಅಮ್ಮ ನನ್ನ ಮುಖ ನೋಡಿದರು. ಪಾಠ ಮುಗಿದ ಮೇಲೆ ಅವಳಿಂದ ಮೊಬೈಲಿಗೆ ಒಂದು ಸಾಲು ಬಂತು: ‘ಅಮ್ಮನಿಗೆ ಏನಂತ ಹೇಳಿದೆ?’ ನಾಲ್ಕು ವರ್ಷ ನನ್ನ ಜತೆ ಇದ್ದು ಅವಳಿಗೆ ಕನ್ನಡದ ಧಾಟಿ ಗೊತ್ತಾಗುತ್ತಿತ್ತು, ‘ಬೇರೆ ದೇಶ’ ಅನ್ನುವಂಥ ಮಾತುಗಳೂ ಗೊತ್ತಿದ್ದವು. ನಾನು ಹೇಳಿದ್ದನ್ನೇ ಬರೆದು ಕಳಿಸಿದೆ. ಮಧ್ಯಾಹ್ನ ಬಾಗಿಲ ಹೊರಗಿಟ್ಟ ಸಾರು ಅನ್ನದ ತಟ್ಟೆ ಹಾಗೇ ಆರಿತು.

ಎರಡು ದಿನದ ಮೇಲೆ ಸಂಜೆ ಆರರ ವಾರ್ತೆಯಲ್ಲಿ ಪ್ರಧಾನಿ ಸಂಸತ್ತಿಗೆ ಬರೆದ ಪತ್ರದ ಸುದ್ದಿ ಬಂತು. ಪಟ್ಟದ ಉತ್ತರಾಧಿಕಾರಿ ತನ್ನದೇ ಲಿಂಗದವರನ್ನು ಮದುವೆಯಾದರೆ ಪಟ್ಟ ಬಿಡಬೇಕಾಗಿಲ್ಲ ಅಂತ ಸರ್ಕಾರ ಹೇಳಿತ್ತು. ಅಂಥ ದಂಪತಿಯ ಮಗುವಿಗೆ ಪಟ್ಟ ಬರುತ್ತದೆಯೇ ಅನ್ನುವುದನ್ನು ಮಾತ್ರ, ಆ ಕಾಲ ಬಂದಾಗ ನೋಡೋಣ ಅಂತ ಬಿಟ್ಟಿತ್ತು. ಅಮ್ಮನಿಗೆ ಡಚ್ ಬರದು ಅಂತ ನಾನು ಟೀವಿಯನ್ನು ಆರಿಸಲಿಲ್ಲ. ಆರಿಸಿದರೆ ಅನುಮಾನ ಬರುತ್ತದೆ ಅಂತಲೂ ಇತ್ತು.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುವಾಗ ಅಮ್ಮ ತಮ್ಮ ಮೊಬೈಲನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿ ಇಟ್ಟರು. ಬೆಂಗಳೂರಿನ ಯಾವುದೋ ಸುದ್ದಿ ಪುಟದಲ್ಲಿ ಅದೇ ಸುದ್ದಿ ಕನ್ನಡದಲ್ಲಿತ್ತು.

“ಆ ಮಗು ಕೇಳಿದ್ದು ಇದನ್ನ ತಾನೆ?”

“ಹೌದು.”

“ನನಗೆ ಬೇರೆ ಹೇಳಿದೆ.”

“ಹೌದು.”

“ಮೂವತ್ತು ವರ್ಷ ಮಕ್ಕಳ ಮುಖ ನೋಡಿದೀನಿ ನಾನು. ಸುಳ್ಳು ಹೇಳೋವಾಗ ನೀನು ಕಿವಿ ಮುಟ್ಕೋತೀಯ, ನಾಲ್ಕನೇ ಕ್ಲಾಸಿಂದ.” ಅಮ್ಮನ ದನಿ ಏರಲಿಲ್ಲ. “ಈಗ ಸರಿಯಾಗಿ ಹೇಳು. ಒಳಗೆ ಮಲಗಿದಾಳಲ್ಲ, ಅವಳು ನಿನಗೆ ಏನಾಗಬೇಕು?”

ಇಂಗ್ಲಿಷಿನಲ್ಲಿ, ಡಚ್ಚಿನಲ್ಲಿ ನಾನು ಆ ಮಾತನ್ನು ನೂರು ಸಲ ಹೇಳಿದ್ದೆ. ಕನ್ನಡದಲ್ಲಿ ಒಂದು ಸಲವೂ ಹೇಳಿರಲಿಲ್ಲ. “ನನ್ನ ಹೆಂಡತಿ” ಅಂದೆ. ನನ್ನ ಕಿವಿಗೇ ಅದು ಬೇರೆ ಯಾರೋ ಆಡಿದಂತೆ ಕೇಳಿಸಿತು.

ಅಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಮದುವೆ ಆಗಿದೆಯಾ?”

“ಹೋದ ವರ್ಷ. ಪುರಸಭೆಯಲ್ಲಿ.”

“ಯಾರು ಬಂದಿದ್ರು?”

“ಇಬ್ಬರು ಸಾಕ್ಷಿ. ಅವಳ ಅಪ್ಪ ಅಮ್ಮ ವಿಡಿಯೊದಲ್ಲಿ.”

“ನಾನು ಆ ದಿನ ಏನು ಮಾಡ್ತಿದ್ದೆ?”

ಅದಕ್ಕೆ ನಾನು ತಯಾರಿರಲಿಲ್ಲ. “ಸಂಜೆ ಫೋನ್ ಮಾಡಿದ್ರಿ. ಮಾವಿನಕಾಯಿ ಚಿತ್ರಾನ್ನ ಮಾಡಿದೀನಿ ಅಂದ್ರಿ. ನಾನು ಆಫೀಸಿನಲ್ಲಿ ಕೆಲಸ ಜಾಸ್ತಿ ಅಂತ ಬೇಗ ಇಟ್ಟೆ.”

ಕೆಳಗೆ ಟ್ರಾಮ್ ಬಂದು ನಿಂತು ಹೋಯಿತು. ಆಮೇಲೆ ಅಮ್ಮ ಹೇಳಿದ ಮಾತು ಇವತ್ತಿಗೂ ಹಾಗೇ ನೆನಪಿದೆ. “ಆ ರಾಜನ ಮಗಳು ಸಂಸತ್ತನ್ನ ಕೇಳಿ ಮದುವೆ ಆಗಬೇಕು. ಅವರು ಒಪ್ತಾರೋ ಬಿಡ್ತಾರೋ, ಕೇಳೋದಂತೂ ಕೇಳಬೇಕು. ನೀನು ನನ್ನನ್ನ ಕೇಳ್ಲಿಲ್ಲ. ಬೇಡ ಅಂತೀನಿ ಅಂತ ನೀನೇ ತೀರ್ಮಾನ ಮಾಡಿಬಿಟ್ಟೆ.”

“ಬೇಡ ಅಂತಿರಲಿಲ್ವಾ?”

“ಅಂತಿದ್ದೆ,” ಅಂದರು ಅಮ್ಮ. “ಅನ್ನೋ ಅವಕಾಶ ನನಗೆ ಬೇಕಿತ್ತು.”

ಅವರು ಎದ್ದು ಬಾಲ್ಕನಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡರು. ಶಾಲು ಇಲ್ಲದೆ ಆ ಚಳಿಯಲ್ಲಿ ಬೆನ್ನು ಮಾಡಿ ನಿಂತರು. ಶಾಲು ಒಯ್ದು ಕೊಡುವ ಧೈರ್ಯ ನನಗಾಗಲಿಲ್ಲ. ಟಿಕೆಟ್ ಬದಲಾಯಿಸು, ಊರಿಗೆ ಕಳಿಸು ಅಂತಾರೆ ಅಂತ ಕಾಯುತ್ತ ಕೂತೆ. ಅವರು ಒಳಗೆ ಬಂದು ಸೀದಾ ಅಡುಗೆಮನೆಗೆ ಹೋದರು. ಆ ದಿನ, ಅದರ ಮಾರನೆಯ ದಿನ ನಮ್ಮ ನಡುವೆ ಇದ್ದದ್ದು ‘ಊಟ ಇಟ್ಟಿದೆ’, ‘ಕಿಟಕಿ ಹಾಕು’ ಇಂಥ ಮಾತು ಮಾತ್ರ. ನನಗೂ ಅಮ್ಮನಿಗೂ ಮಲಗುವ ಕೋಣೆ ಒಂದೇ, ಹಾಸಿಗೆ ಒಂದೇ. ಅಮ್ಮ ಆ ಕಡೆ ತಿರುಗಿ ಮಲಗುತ್ತಿದ್ದರು. ಗೋಡೆಯಾಚೆಯಿಂದ ಅವಳು ಒಂದೇ ಸಂದೇಶ ಕಳಿಸಿದಳು: ‘ಹೆಂಡತಿ ಅನ್ನೋ ಪದ ನನಗೆ ಗೊತ್ತು.’ ಅದು ಸಂತೋಷವೋ ಸಿಟ್ಟೋ ಅಂತ ಕೇಳಲು ನನಗೆ ಭಯವಾಯಿತು.

ಕಾಯಿಲೆಯ ಎಂಟನೆಯ ದಿನ ಮಧ್ಯಾಹ್ನ ಅವಳ ಜ್ವರ ಏರಿತು. ಬಾಗಿಲು ತೆರೆದು ನೋಡಿದರೆ ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು. ಒಂದು ವಾಕ್ಯ ಮುಗಿಸಲು ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದಳು. ನಾನು ಓಡಿಬಂದು ಹೌಸ್‌ಆರ್ಟ್ಸ್‌ಗೆ, ಅಂದರೆ ನಮ್ಮ ಮನೆಯ ಡಾಕ್ಟರಿಗೆ ಫೋನ್ ಮಾಡಿದೆ. ನಿಮ್ಮ ಮುಂದೆ ಇಷ್ಟು ಜನ ಕಾಯುತ್ತಿದ್ದಾರೆ ಅಂತ ಯಂತ್ರದ ದನಿ ಹೇಳಿತು. ಸಂಗೀತ ಶುರುವಾಯಿತು.

ಅಮ್ಮ ಅಡುಗೆಮನೆಯಿಂದ ಬಂದು ನನ್ನ ಮುಖ ನೋಡಿದರು. ದೊಡ್ಡ ಕೋಣೆಗೆ ಹೋಗಿ, ಸೂಟ್‌ಕೇಸಿನಿಂದ ರಕ್ತದ ಆಮ್ಲಜನಕ ಅಳೆಯುವ ತಮ್ಮ ಆಕ್ಸಿಮೀಟರ್ ತೆಗೆದರು. ಮೇನಲ್ಲಿ ತಾವೇ ದಿನಕ್ಕೆ ಹತ್ತು ಸಲ ಬೆರಳಿಗೆ ಹಾಕಿಕೊಳ್ಳುತ್ತಿದ್ದದ್ದು. ಎರಡು ಮಾಸ್ಕ್ ಒಂದರ ಮೇಲೊಂದು ಹಾಕಿಕೊಂಡು, ಸೆರಗು ಸಿಕ್ಕಿಸಿ, ಸಣ್ಣ ಕೋಣೆಯ ಕಡೆ ನಡೆದರು.

“ಅಮ್ಮ, ಒಳಗೆ ಹೋಗಬೇಡಿ. ನಿಮಗೆ ಮತ್ತೆ ಬರತ್ತೆ.”

“ನೀನು ಫೋನ್ ನೋಡ್ಕೋ,” ಅಂದರು. ಬಾಗಿಲು ತೆರೆದೇ ಬಿಟ್ಟು, ಒಳಗೆ ಹೋಗಿ ಕಿಟಕಿ ತೆಗೆದರು. ಅವಳ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರು. “ತೊಂಬತ್ತೆರಡು,” ಅಂತ ನನಗೆ ಕೂಗಿ ಹೇಳಿದರು. ಆಮೇಲೆ ಇಂಗ್ಲಿಷಿನಲ್ಲಿ ಅವಳಿಗೆ, “ಬೋರಲು ಮಲಗು. ಎದೆ ಕೆಳಗೆ ಈ ದಿಂಬು. ಹಾಗೇ. ನಿಧಾನ. ಮೂಗಿನಿಂದ ತಗೋ, ಬಾಯಿಂದ ಬಿಡು. ನಾನು ಎಣಿಸ್ತೀನಿ.”

ಅಷ್ಟರಲ್ಲಿ ಡಾಕ್ಟರ್ ಸಿಕ್ಕರು. ಹೆಂಗಸು, ಚುಟುಕಾಗಿ ಮಾತಾಡುವವರು. ಉಸಿರಿನ ಲೆಕ್ಕ, ಜ್ವರ ಎಲ್ಲ ಕೇಳಿ, “ನೀವು ಯಾರು ಮಾತಾಡ್ತಿರೋದು? ಹೌಸ್‌ಗೆನೋಟ್?” ಅಂದರು. ರೋಗಿಯ ಹಳೆಯ ಕಾಗದದಲ್ಲಿ ಆರೋಗ್ಯ ಇಲಾಖೆಯವರು ಹಾಗೆ ಬರೆದಿದ್ದರೋ ಏನೋ.

“ಅಲ್ಲ,” ಅಂದೆ, ಪೂರ್ತಿ ದನಿಯಲ್ಲಿ. “ನಾನು ಅವಳ ಹೆಂಡತಿ.” ಡಚ್ಚಿನಲ್ಲೇ ಹೇಳಿದ್ದು. ಆದರೆ ತೆರೆದ ಬಾಗಿಲಿನಲ್ಲಿ ಅಮ್ಮ ತಲೆ ಎತ್ತಿ ನನ್ನ ಕಡೆ ನೋಡಿ, ಮತ್ತೆ ಎಣಿಸಲು ಶುರುಮಾಡಿದರು.

ಒಂದು ಗಂಟೆಯಲ್ಲಿ ಬರುತ್ತೇನೆ, ತೊಂಬತ್ತಕ್ಕಿಂತ ಕೆಳಗಿಳಿದರೆ ಆಂಬ್ಯುಲೆನ್ಸ್ ಕರೆಯಿರಿ ಅಂದರು ಡಾಕ್ಟರ್. ಆ ಒಂದು ಗಂಟೆ ನಾನು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದೆ. ತೊಂಬತ್ತೆರಡು. ತೊಂಬತ್ತೊಂದು. ಅಮ್ಮ ಆಕ್ಸಿಮೀಟರನ್ನು ಒರೆಸಿ ಇನ್ನೊಂದು ಬೆರಳಿಗೆ ಹಾಕಿದರು. ತೊಂಬತ್ತೊಂದು. ಅವಳು ಹೆದರಿದ್ದಳು. ದಿಂಬಿನೊಳಗೆ ಅವಿತಿದ್ದ ಮುಖದಲ್ಲಿ ಒಂದು ಕಣ್ಣು ಮಾತ್ರ ಕಾಣುತ್ತಿತ್ತು, ಅದು ಅಮ್ಮನನ್ನೇ ನೋಡುತ್ತಿತ್ತು. ಅಮ್ಮ ಎಣಿಸುವುದನ್ನು ನಿಲ್ಲಿಸಿ ಪಾಠ ಹೇಳುವ ದನಿಯಲ್ಲಿ ಮಾತು ತೆಗೆದರು. ಹೆದರಿದ ಮಕ್ಕಳ ಗಮನ ಬೇರೆ ಕಡೆ ಹೊರಳಿಸುವುದು ಅವರಿಗೆ ಗೊತ್ತಿತ್ತು.

“ನಿಮ್ಮ ಪ್ರಧಾನಿ ಮಗುವಿನ ವಿಷಯ ಆಮೇಲೆ ನೋಡೋಣ ಅಂದಿದಾರಂತೆ. ನಮ್ಮ ಮೈಸೂರಿನ ಕತೆ ಹೇಳ್ತೀನಿ ಕೇಳು. ಒಬ್ಬ ಮಹಾರಾಜರಿಗೆ ಗಂಡುಮಕ್ಕಳಿರಲಿಲ್ಲ. ವಯಸ್ಸಾದ ಮೇಲೆ ಒಂದು ಸಣ್ಣ ಹುಡುಗನ್ನ ದತ್ತು ತಗೊಂಡ್ರು. ಕಲ್ಕತ್ತದಲ್ಲಿದ್ದ ಬ್ರಿಟಿಷರು, ಈ ಮಗುವಿಗೆ ಪಟ್ಟ ಇಲ್ಲ, ನಾವು ಒಪ್ಪಲ್ಲ ಅಂದ್ರು. ಮೈಸೂರಿನವರು ಬಿಡ್ಲಿಲ್ಲ. ಲಂಡನ್ನಿನ ಪಾರ್ಲಿಮೆಂಟಿನ ತನಕ ಅರ್ಜಿ ಹೋಯ್ತು. ಕೊನೆಗೆ ಒಪ್ಪಿದ್ರು. ಒಪ್ಪಿದ ಮೇಲೂ ರಾಜ್ಯ ಕೈಗೆ ಬರೋಕೆ ಎಷ್ಟೋ ವರ್ಷ ಹಿಡೀತು. ಆ ಹುಡುಗ ದೊಡ್ಡವನಾಗೋ ತನಕ ಕಾಯಬೇಕಾಯ್ತು.”

ಅವಳು ದಿಂಬಿನಿಂದ ಏನೋ ಗೊಣಗಿದಳು. ಅಮ್ಮ ಬಾಗಿ ಕಿವಿ ಕೊಟ್ಟರು.

“ಒಳ್ಳೆ ರಾಜನಾದನಾ ಅಂತ ಕೇಳ್ತಿದಾಳೆ,” ಅಂತ ನನಗೆ ಹೇಳಿ, ಅವಳಿಗೆ ಉತ್ತರಿಸಿದರು. “ಆದ. ನಾನು ಪರೀಕ್ಷೆಗೆ ಯಾವಾಗ್ಲೂ ಅದೇ ಪ್ರಶ್ನೆ ಕೊಡ್ತಿದ್ದೆ. ಈಗ ಮಾತಾಡಬೇಡ, ಉಸಿರಾಡು.”

ಡಾಕ್ಟರ್ ಬರುವ ಹೊತ್ತಿಗೆ ತೊಂಬತ್ನಾಲ್ಕಿತ್ತು. ನೀಲಿ ಗೌನು ಹಾಕಿಕೊಂಡು ಬಂದವರು ಎದೆ ಬೆನ್ನು ಪರೀಕ್ಷಿಸಿ, ಮಾತ್ರೆ ಬರೆದುಕೊಟ್ಟು, ಆಸ್ಪತ್ರೆ ಸದ್ಯಕ್ಕೆ ಬೇಡ, ಇದೇ ರೀತಿ ಮಲಗಿಸಿ ಅಂದರು. ಇದನ್ನು ಯಾರು ಹೇಳಿಕೊಟ್ಟರು ಅಂತ ಕೇಳಿದರು. ಅಮ್ಮ ತಮ್ಮ ಎದೆ ಮುಟ್ಟಿ ತೋರಿಸಿದರು. ಅವರು ಹೋದ ಮೇಲೆ ಅಮ್ಮ ಮುಖ ತೊಳೆದುಕೊಂಡು, ಸೀರೆ ಬದಲಾಯಿಸಿ, ಕುರ್ಚಿಯ ಮೇಲೆ ಕೂತು ಸದ್ದಿಲ್ಲದೆ ಅತ್ತರು. ನಾನು ಹತ್ತಿರ ಹೋದರೆ ಕೈ ಅಡ್ಡ ಹಿಡಿದರು. “ಮೇನಲ್ಲಿ ನನಗೆ ಎಂಬತ್ತೊಂಬತ್ತಿತ್ತು,” ಅಂದರು. “ನಿನಗೂ ತಂಗಿಗೂ ತೊಂಬತ್ತೈದು ಅಂತ ಹೇಳಿದ್ದೆ.”

ಐದು ದಿನದಲ್ಲಿ ಅವಳು ಚೇತರಿಸಿಕೊಂಡಳು. ಅಮ್ಮನಿಗೆ ಸೋಂಕು ತಗಲಲಿಲ್ಲ. ಅವಳ ಬಟ್ಟೆಗಳು ಮಾತ್ರ ಸಣ್ಣ ಕೋಣೆಯಲ್ಲೇ ಉಳಿದವು. ನಾನು ಅವಳನ್ನು ಕೇಳಿದಾಗ ಅವಳು, “ನಿನ್ನ ಅಮ್ಮ ಇರೋ ತನಕ ಹಾಗೇ ಇರಲಿ. ಆದರೆ ಈಗ ಅವರಿಗೆ ಗೊತ್ತಿದೆ, ಅದು ಸಾಕು” ಅಂದಳು. ಬಾಗಿಲ ಫಲಕವನ್ನು ಅವಳೇ ಮತ್ತೆ ಹಾಕಿದಳು. ಅಮ್ಮ ಅದನ್ನು ನಿಂತು ಓದಿದರು. ಎರಡು ಹೆಸರಿನ ನಡುವೆ ಬರೆದಿದ್ದ ಚಿಹ್ನೆ ಏನು ಅಂತ ಕೇಳಿದರು. ‘ಮತ್ತು’ ಅಂತ ಹೇಳಿದೆ.

ನವೆಂಬರ್ ಕೊನೆಯಲ್ಲಿ ಹೊಸ ತಳಿಯ ವೈರಸ್ ಸುದ್ದಿ ಬಂದು, ಮತ್ತೆ ವಿಮಾನ ನಿಲ್ಲಿಸುತ್ತಾರೆ ಅನ್ನುವ ಗಾಳಿಮಾತು ಎದ್ದಿತು. ಅಮ್ಮ ಒಂದು ವಾರ ಮೊದಲೇ ಹೊರಟರು. ನಿಲ್ದಾಣದ ಸಾಲಿನಲ್ಲಿ ನಿಂತು ಅವರು ನನಗೆ ಹೇಳಿದ್ದು ಇಷ್ಟು: “ನಿನ್ನ ಮಾವನಿಗೆ ನಾನೇ ಹೇಳ್ತೀನಿ. ನೀನು ಹೇಳಬೇಡ. ಯಾವಾಗ ಅಂತ ಕೇಳಬೇಡ.” ಅವಳ ಕೈ ಹಿಡಿದು, ಉಸಿರಿನ ವ್ಯಾಯಾಮ ಬಿಡಬೇಡ ಅಂದರು. ಒಪ್ಪಿದೆ ಅಂತ ಅಮ್ಮ ಆಗಲೂ ಹೇಳಲಿಲ್ಲ, ಆಮೇಲೂ ಹೇಳಿಲ್ಲ. ನಾನು ಕೇಳಿಲ್ಲ.

ಫೆಬ್ರವರಿಯಲ್ಲಿ ಅಮ್ಮ ಮಾವನಿಗೆ ಹೇಳಿದರು. ಅದು ಹೇಗೆ ನಡೆಯಿತು ಅಂತ ಅಮ್ಮ ನನಗೆ ವಿವರಿಸಲಿಲ್ಲ. “ಹೇಳಿದೆ” ಅಂದರು, ಅಷ್ಟೇ. ತಂಗಿಯಿಂದ ನನಗೆ ಉಳಿದದ್ದು ತಿಳಿಯಿತು. ಮಾವ ಊಟದ ಎಲೆಯಿಂದ ಎದ್ದು ಹೋದರಂತೆ. ಆಮೇಲೆ ಅಮ್ಮ ಆ ಮನೆಗೆ ಹೋಗುವುದನ್ನು ನಿಲ್ಲಿಸಿದ್ದಾರೆ. ಹಬ್ಬಕ್ಕೆ ಕರೆದರೂ, ಮಗಳನ್ನು ಬಿಟ್ಟು ತಮ್ಮೊಬ್ಬರನ್ನೇ ಕರೆಯುವುದಾದರೆ ಬೇಡ ಅಂದರಂತೆ. ಗೇಟಿನ ಹತ್ತಿರ ಕ್ಯಾರಿಯರ್ ಇಟ್ಟು ಜೀವ ಉಳಿಸಿದ ಅಣ್ಣ ಅವರು. ಇದನ್ನು ಕೇಳಿದ ದಿನ ನಾನು ಆಫೀಸಿನ ಮೀಟಿಂಗಿನ ಮಧ್ಯೆ ಕ್ಯಾಮೆರಾ ಆರಿಸಿ ಎದ್ದು ಹೋದೆ. ಅಮ್ಮನಿಗೆ ಫೋನ್ ಮಾಡಿ, ನನ್ನಿಂದ ಹೀಗಾಯಿತಲ್ಲ ಅಂದೆ.

“ನಿನ್ನಿಂದ ಅಲ್ಲ,” ಅಂದರು ಅಮ್ಮ. “ಅವನು ಒಪ್ಪಲ್ಲ ಅಂತ ಗೊತ್ತಿದ್ದೇ ಹೇಳಿದೆ. ಫೋನ್ ಅವಳಿಗೆ ಕೊಡು, ಉಸಿರಿನ ವ್ಯಾಯಾಮ ಮಾಡ್ತಿದಾಳಾ ಅಂತ ಕೇಳಬೇಕು.”